ಸೋತೇ ಹೋಯ್ತು ಅಂದುಕೊಂಡ ಪಂದ್ಯ ತಿರುಗಿದ್ದು

ಪ್ರಶ್ನೆ: ಯುರೋಪಿನ ಕ್ಲಬ್ ಫುಟ್‌ಬಾಲ್‌ನಲ್ಲಿ ಸೋಲಿನಿಂದ ಎದ್ದು ಗೆದ್ದದ್ದರಲ್ಲಿ ಯಾವುದು ದೊಡ್ಡದು? ಗೆಳೆಯರಲ್ಲಿ ದಿನಾ ಇದೇ ಚರ್ಚೆ. – ಓದುಗರು, ಮಲ್ಪೆ

ಉತ್ತರ: ಹೆಚ್ಚಿನವರು 2005ರ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್ ಅನ್ನುತ್ತಾರೆ. ಮಿಲಾನ್ ವಿರುದ್ಧ ಅರ್ಧ ಆಟಕ್ಕೇ 0-3 ಹಿಂದಿದ್ದ ಲಿವರ್‌ಪೂಲ್ ಆರೇ ನಿಮಿಷದಲ್ಲಿ ಮೂರು ಗೋಲು ಹೊಡೆದು, ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದಿತು. ಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ ಎರಡು ಪಂದ್ಯ ಆಡಿ, ಎರಡರ ಗೋಲನ್ನೂ ಕೂಡಿಸಿ ನೋಡುತ್ತಾರೆ; ಬಾರ್ಸಿಲೋನಾ 2017ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಎದುರು ಮೊದಲ ಪಂದ್ಯ 0-4 ಸೋತು, ಎರಡನೆಯದನ್ನು 6-1 ಗೆದ್ದದ್ದೂ ಸಣ್ಣದಲ್ಲ.

ನನ್ನ ಮತ ಮಾತ್ರ 2019ರ ಮೇ 7ಕ್ಕೆ. ಮೊದಲ ಪಂದ್ಯದಲ್ಲಿ ಬಾರ್ಸಿಲೋನಾ 3-0 ಗೆದ್ದಿತ್ತು, ಲಿವರ್‌ಪೂಲ್‌ಗೆ ಗೋಲು ಹೊಡೆಯುವ ಸಲಾ ಇಲ್ಲ, ಫರ್ಮಿನೊ ಇಲ್ಲ. ಮಂಗಳೂರಿನಲ್ಲಿ ಮಧ್ಯರಾತ್ರಿ ದಾಟಿತ್ತು, ಮೇ ತಿಂಗಳ ಸೆಕೆ ಬೇರೆ, ಆದರೂ ಟಿವಿ ಆರಿಸಲು ಮನಸ್ಸಾಗಲಿಲ್ಲ. ಅರ್ಧ ಆಟದ ನಂತರ ಬಂದ ವೈನಾಲ್ಡಮ್ ಬೆನ್ನುಬೆನ್ನಿಗೆ ಎರಡು ಗೋಲು ಹೊಡೆದ. ಆಮೇಲೆ ಮೈದಾನದ ಮೂಲೆಯಿಂದ ಒದೆಯುವ ಆ ಕಾರ್ನರ್! ಲಿವರ್‌ಪೂಲ್‌ನ ಅಲೆಕ್ಸಾಂಡರ್-ಆರ್ನಾಲ್ಡ್ ಚೆಂಡು ಬಿಟ್ಟು ಹೊರಟವನಂತೆ ಎರಡು ಹೆಜ್ಜೆ ಇಟ್ಟು, ಥಟ್ಟನೆ ತಿರುಗಿ ಒದ್ದುಬಿಟ್ಟ, ಬಾರ್ಸಿಲೋನಾದವರು ಇನ್ನೂ ಸರಿಯಾಗಿ ನಿಂತಿರಲೇ ಇಲ್ಲ, ಆಟದ ಮೊದಲ ಗೋಲನ್ನೂ ಹೊಡೆದಿದ್ದ ಒರಿಗಿ ಮತ್ತೊಂದು ಹೊಡೆದ. 4-0, ಒಟ್ಟು ಲೆಕ್ಕದಲ್ಲಿ 4-3. ಅದರಲ್ಲಿ ಅದೃಷ್ಟಕ್ಕಿಂತ ಎಚ್ಚರವೇ ಜಾಸ್ತಿ, ಅಲ್ವಾ? ನೆಹರೂ ಮೈದಾನದಲ್ಲಿ ಆಡುವ ಮಕ್ಕಳಿಗೆ ನಾನು ತೋರಿಸುವುದು ಇದೇ ಗೋಲನ್ನು.