ಚರ್ಚ್ ಶಾಲೆಯನ್ನು ಮುಚ್ಚುವ ಅಧಿಕಾರ ಕೌನ್ಸಿಲ್‌ಗೆ ಇದೆಯೇ?

ದಕ್ಷಿಣ ಲಂಡನ್‌ನಲ್ಲಿ ನಿಮ್ಮ ಮನೆ, ಮಗಳು ಇಯರ್ ಫೈವ್‌ನಲ್ಲಿದ್ದಾಳೆ (ಪ್ರೌಢಶಾಲೆಗೆ ಇನ್ನು ಒಂದು ವರ್ಷ, ಇಯರ್ ಸಿಕ್ಸ್, ಬಾಕಿ), ಪಕ್ಕದ ಚರ್ಚ್ ಪ್ರೌಢಶಾಲೆಯನ್ನು ಮುಚ್ಚುವ ಸುದ್ದಿ ಹಬ್ಬಿದೆ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಹಾಗೆ ಮಾಡಬಹುದೇ, ಹಿಂದೂಗಳಾದ ನಿಮ್ಮ ಮಾತನ್ನು ಅಲ್ಲಿ ಯಾರಾದರೂ ಕೇಳುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ. ಇಂಥದ್ದೇ ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿಯಾಗಿದ್ದೆ, ಹಾಗಾಗಿ ಹೇಳುತ್ತೇನೆ.

ಮೊದಲು ಆ ಶಾಲೆ ವಾಲಂಟರಿ ಏಡೆಡ್ ವರ್ಗದ್ದೋ ಅಕಾಡೆಮಿಯೋ ವಿಚಾರಿಸಿ. ಅಕಾಡೆಮಿ ಎಂದರೆ ಕೌನ್ಸಿಲ್‌ನ ಹಿಡಿತವಿಲ್ಲದೆ ನೇರವಾಗಿ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ; ಹಾಗಾದರೆ ಕೊನೆಯ ಮಾತು ಶಿಕ್ಷಣ ಸಚಿವಾಲಯದ್ದು, ಕೌನ್ಸಿಲ್ ಅಭಿಪ್ರಾಯ ಹೇಳಬಹುದು ಅಷ್ಟೇ. ವಾಲಂಟರಿ ಏಡೆಡ್ ಎಂಬುದು 1944ರ ಶಿಕ್ಷಣ ಕಾಯ್ದೆ ಮಾಡಿಕೊಟ್ಟ ಏರ್ಪಾಡು. ಜಾಗ ಸಾಮಾನ್ಯವಾಗಿ ಚರ್ಚಿನ ಟ್ರಸ್ಟಿನದು, ಶಿಕ್ಷಕರ ನೇಮಕವೂ ಪ್ರವೇಶದ ನಿಯಮಗಳೂ ಆಡಳಿತ ಮಂಡಳಿಯವು, ದಿನನಿತ್ಯದ ಖರ್ಚು ಮಾತ್ರ ಸರ್ಕಾರದ್ದು. ಕಟ್ಟಡದ ಕೆಲಸಕ್ಕೆ ಮಂಡಳಿ ಸಾಮಾನ್ಯವಾಗಿ ಶೇ. 10ರಷ್ಟು ಹಾಕಬೇಕು. ಇಂಥ ಶಾಲೆಯನ್ನು ಮುಚ್ಚುವ ಪ್ರಸ್ತಾವವನ್ನು ಕೌನ್ಸಿಲ್ ತರಬಹುದು, ಆಡಳಿತ ಮಂಡಳಿಯೇ ತಂದರೂ ತರಬಹುದು. ಕೌನ್ಸಿಲ್‌ನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಡಯಾಸಿಸ್ (ಬಿಷಪ್ಪರ ಆಡಳಿತ) ಸ್ಕೂಲ್ಸ್ ಅಡ್ಜುಡಿಕೇಟರ್ ಎಂಬ ಸ್ವತಂತ್ರ ತೀರ್ಪುಗಾರರಿಗೆ ಮೇಲ್ಮನವಿ ಸಲ್ಲಿಸಬಹುದು.

ಇದು ಧರ್ಮದ ಜಗಳವೆಂದು ಭಾವಿಸಬೇಡಿ. ತನ್ನ ವ್ಯಾಪ್ತಿಯ ಮಕ್ಕಳಿಗೆ ಸಾಕಷ್ಟು ಸೀಟು ಇರುವಂತೆ ನೋಡಿಕೊಳ್ಳುವುದು ಕೌನ್ಸಿಲ್‌ನ ಕಾನೂನುಬದ್ಧ ಕರ್ತವ್ಯ. ಬೇಡಿಕೆ ಇದ್ದಾಗ ಕೌನ್ಸಿಲ್ ಹೊಸ ಚರ್ಚ್ ಶಾಲೆಗೆ ಒಪ್ಪಿಗೆ ಕೊಡುವುದೂ ಉಂಟು. ನೈಋತ್ಯ ಲಂಡನ್‌ನ ರಿಚ್ಮಂಡ್‌ನಲ್ಲಿ ಆದದ್ದು ಅದೇ. ಅಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಕ್ಯಾಥೊಲಿಕ್ ಪ್ರೌಢಶಾಲೆಯೇ ಇರಲಿಲ್ಲ. 2012ರಲ್ಲಿ ಕೌನ್ಸಿಲ್ ಒಂದಕ್ಕೆ ಒಪ್ಪಿಗೆ ಕೊಟ್ಟಾಗ, ಸಾರ್ವಜನಿಕರ ಹಣದ ಹೊಸ ಶಾಲೆ ಎಲ್ಲ ಮಕ್ಕಳಿಗೂ ಸಮಾನವಾಗಿ ತೆರೆದಿರಬೇಕು ಎನ್ನುತ್ತಿದ್ದ ಸ್ಥಳೀಯರೂ ಮಾನವತಾವಾದಿಗಳ ಸಂಘವೂ ಹೈಕೋರ್ಟ್ ಮೆಟ್ಟಿಲೇರಿ ಸೋತರು. ಮರುವರ್ಷ ಅಲ್ಲಿನ ಟ್ವಿಕನ್‌ಹ್ಯಾಮ್‌ನಲ್ಲಿ ಶಾಲೆ ಶುರುವಾಯಿತು.

ಈಗ ಗಾಳಿ ತಿರುಗಿದೆ. ಲಂಡನ್‌ನಲ್ಲಿ ಜನನ ಪ್ರಮಾಣ ಇಳಿದಿದೆ, ಬಾಡಿಗೆ ಕಟ್ಟಲಾರದ ಸಂಸಾರಗಳು ಊರಾಚೆ ಹೋಗುತ್ತಿವೆ. ದಕ್ಷಿಣ ಲಂಡನ್‌ನ ಲ್ಯಾಂಬೆತ್‌ನಲ್ಲಿ, 1685ರಲ್ಲಿ ಸ್ಥಾಪನೆಯಾದ ಆರ್ಚ್‌ಬಿಷಪ್ ಟೆನಿಸನ್ ಶಾಲೆ 2023ರಲ್ಲಿ ಮುಚ್ಚಿತು. 1699ರ ಸೇಂಟ್ ಮಾರ್ಟಿನ್ಸ್ ಹೆಣ್ಣುಮಕ್ಕಳ ಶಾಲೆಯೂ 2024ರಲ್ಲಿ ಅದರ ಹಿಂದೆಯೇ ಹೋಯಿತು. ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. ಮೂವತ್ತು ಮಕ್ಕಳ ತರಗತಿಯಲ್ಲಿ ಹತ್ತೊಂಬತ್ತೇ ಮಂದಿ ಕುಳಿತರೂ ಮೇಷ್ಟರ ಸಂಬಳ ಕಡಿಮೆಯಾಗುವುದಿಲ್ಲ. ಆಗ ಮೊದಲು ಸಂಗೀತ ಹೋಗುತ್ತದೆ, ಆಮೇಲೆ ಎರಡನೆಯ ವಿದೇಶಿ ಭಾಷೆ. ಅದನ್ನು ನೋಡಿದ ಪೋಷಕರು ಬೇರೆ ಶಾಲೆಗೆ ಅರ್ಜಿ ಹಾಕುತ್ತಾರೆ, ತರಗತಿ ಇನ್ನಷ್ಟು ಖಾಲಿಯಾಗುತ್ತದೆ.

ನಿಮ್ಮ ಮಾತಿಗೆ ಬೆಲೆ ಇದೆ. ವಾಲಂಟರಿ ಏಡೆಡ್ ಶಾಲೆಯ ವಿಷಯದಲ್ಲಿ ಅಧಿಕೃತ ಪ್ರಕಟಣೆ ಹೊರಬಿದ್ದ ಮೇಲೆ ನಾಲ್ಕು ವಾರ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ನಿಮ್ಮ ಧರ್ಮ ಯಾವುದೆಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆದರೆ "ಶಾಲೆ ಚೆನ್ನಾಗಿದೆ, ಮುಚ್ಚಬೇಡಿ" ಎಂಬ ಪತ್ರಗಳು ರಾಶಿ ಬೀಳುತ್ತವೆ, ಕಡತಕ್ಕೆ ಸೇರುತ್ತವೆ, ಅಲ್ಲೇ ಉಳಿಯುತ್ತವೆ. ನೀವು ಕೌನ್ಸಿಲ್ ವರದಿಯ ಕೊನೆಗೆ ಲಗತ್ತಿಸಿರುವ ಕೋಷ್ಟಕ ತೆರೆಯಿರಿ: ಒಂದು ಕಡೆ ಸೀಟು, ಇನ್ನೊಂದು ಕಡೆ ಮುಂದಿನ ವರ್ಷಗಳ ಮಕ್ಕಳ ಅಂದಾಜು. ನಿಮ್ಮ ಬೀದಿಯ ಸುತ್ತ ಏಳುತ್ತಿರುವ ಹೊಸ ವಸತಿ ಸಮುಚ್ಚಯ ಆ ಅಂದಾಜಿನಲ್ಲಿ ಸೇರಿದೆಯೇ? ಈ ಶಾಲೆ ಹೋದರೆ ಮಗಳು ಎಷ್ಟು ಬಸ್ ಬದಲಿಸಬೇಕು? ಇದು ಹೆಣ್ಣುಮಕ್ಕಳ ಶಾಲೆಯಾಗಿದ್ದರೆ, ಹತ್ತಿರ ಅಂಥದ್ದು ಇನ್ನೊಂದು ಉಂಟೇ? ಇಂಥ ಪ್ರಶ್ನೆಗಳಿಗೆ ಅಧಿಕಾರಿಗಳು ಉತ್ತರ ಹುಡುಕಬೇಕಾಗುತ್ತದೆ.

ಪ್ರವೇಶದ ಬಗ್ಗೆ ಹೆದರಬೇಡಿ. ಅರ್ಜಿಗಳು ಸೀಟಿಗಿಂತ ಹೆಚ್ಚಾದಾಗ ಮಾತ್ರ, ಈ ಸಂಸಾರ ಚರ್ಚಿಗೆ ಬರುತ್ತದೆ ಎನ್ನುವ ಪಾದ್ರಿಯ ಸಹಿಗೆ ಬೆಲೆ. ಸೀಟು ಉಳಿದಿದ್ದರೆ ಧರ್ಮ ನೋಡಿ ನಿರಾಕರಿಸುವಂತಿಲ್ಲ, ಮುಚ್ಚುವ ಮಾತು ಬಂದಿರುವ ಶಾಲೆಯಲ್ಲಿ ಸಾಮಾನ್ಯವಾಗಿ ಸೀಟು ಉಳಿದಿರುತ್ತದೆ. ಮಗಳು ಇಯರ್ ಸಿಕ್ಸ್‌ಗೆ ಬಂದ ಮೇಲೆ ಅಕ್ಟೋಬರ್ 31ರೊಳಗೆ ಅರ್ಜಿ ಸಲ್ಲಿಸಬೇಕು. ಲಂಡನ್‌ನಲ್ಲಿ ಆರು ಶಾಲೆಗಳ ಹೆಸರು ಬರೆಯಬಹುದು; ಆರನ್ನೂ ಭರ್ತಿ ಮಾಡಿ, ಅವುಗಳಲ್ಲಿ ಎರಡಾದರೂ ಮುಚ್ಚುವ ಸುದ್ದಿ ಇಲ್ಲದವು ಇರಲಿ.