ಬೆರಿಯಲ್‌ನ ಮೊದಲ ಆಲ್ಬಮ್ ಯಾರಿಗೂ ಬೇಡವಾಗಿತ್ತಾ?

ಲಂಡನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಬೆರಿಯಲ್‌ನ ಮೊದಲ ಆಲ್ಬಮನ್ನು ವಿಮರ್ಶಕರು ಮೂಸಿಯೂ ನೋಡಲಿಲ್ಲ, ಎರಡನೆಯದು ಬಂದ ಮೇಲೇ ಹೊಗಳಿದರು, ನಿಜವಾ ಅಂತ ಕೇಳಿದ್ದೀರಿ. ಇಲ್ಲ ರೀ. 2006ರಲ್ಲಿ ಹೈಪರ್‌ಡಬ್ ಅನ್ನೋ ರೆಕಾರ್ಡ್ ಕಂಪನಿ ಅದನ್ನು ಹೊರತಂದಿತು. ಅದೇ ವರ್ಷ ಬ್ರಿಟನ್ನಿನ 'ದಿ ವೈರ್' ಪತ್ರಿಕೆ ಅದನ್ನೇ ವರ್ಷದ ಆಲ್ಬಮ್ ಅಂತ ಆರಿಸಿತ್ತು! ಮೆಚ್ಚಿದವರು ಬೀಟ್‌ಗಿಂತ ಜಾಸ್ತಿ ಹಿಡಿದುಕೊಂಡಿದ್ದು ಅದರ ವಾತಾವರಣವನ್ನು: ಮಳೆಯ ಸದ್ದು, ಹಳೇ ರೆಕಾರ್ಡಿನ ಚರಚರ, ರಾತ್ರಿಯ ದಕ್ಷಿಣ ಲಂಡನ್. ಡ್ರಮ್ ಗಮನಿಸಿ ಕೇಳಿ, ತಾಳಕ್ಕೆ ಕರಾರುವಾಕ್ಕಾಗಿ ಕೂರುವುದೇ ಇಲ್ಲ. ಸೌಂಡ್ ಫೋರ್ಜ್ ಅನ್ನೋ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಣ್ಣಳತೆಯಲ್ಲೇ ಜೋಡಿಸಿದ್ದು. ನನಗಂತೂ ಆ ಓರೆಕೋರೆಯೇ ಇಷ್ಟ. ಹೆಸರು ಜೋರಾಗಿದ್ದು ಮಾತ್ರ 2007ರ ಎರಡನೇ ಆಲ್ಬಮ್ 'ಅನ್‌ಟ್ರೂ'ನಿಂದ. ಅದು ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಮರ್ಕ್ಯುರಿಯ 2008ರ ಅಂತಿಮ ಪಟ್ಟಿಗೂ ಬಂತು. ಅದಕ್ಕೇ ನಿಮಗೆ ಹಾಗೆ ಅನಿಸಿರಬೇಕು ಅಲ್ವಾ?