ಯೂನಿಫಾರ್ಮ್ ನೋಡಿ ಓಟು ಹಾಕಬೇಕಾ, ಮೇಷ್ಟ್ರೇ?

ಹಾಸನದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರ:

"ಮಾನ್ಯ ಸಂಪಾದಕರೇ, ಟೆಕ್ಸಾಸ್‌ನಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬಂದೆ. ಅಲ್ಲಿಯ ಟಿವಿಯಲ್ಲಿ ಯಾವಾಗ ನೋಡಿದರೂ ಎರಡೇ ಮಾತು. ಯಾವ ಅಭ್ಯರ್ಥಿ ಸೈನ್ಯದಲ್ಲಿದ್ದ, ಯಾವನು ತಪ್ಪಿಸಿಕೊಂಡ ಅನ್ನೋದು ಒಂದು. ಕದ್ದು ಗಡಿ ದಾಟಿ ಬಂದವರನ್ನು ಏನು ಮಾಡಬೇಕು ಅನ್ನೋದು ಇನ್ನೊಂದು. ಗಡಿಯ ಬಗ್ಗೆ ಮಾತಾಡುವ ಹಕ್ಕು ಬಂದೂಕು ಹಿಡಿದವನಿಗೆ ಮಾತ್ರ ಇದೆ, ಅಂಥವನನ್ನೇ ಗೆಲ್ಲಿಸಿದರೆ ಈ ಸಮಸ್ಯೆ ತಾನಾಗಿ ಮುಗಿಯುತ್ತದೆ ಅಂತ ನನ್ನ ಅನಿಸಿಕೆ. ನೀವೇನಂತೀರಿ? ಇನ್ನೊಂದು ವಿಷಯ. ಮಗಳ ಪಕ್ಕದ ಮನೆಯ ಕನ್ನಡದ ಹುಡುಗನಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಇದೆ. ಅಮೆರಿಕದ ಸೈನ್ಯ ಸೇರುತ್ತೇನೆ ಅಂತಿದ್ದಾನೆ. ಸೇರಿದರೆ ಪೌರತ್ವದ ಚಿಂತೆ ಮುಗಿಯಿತು ತಾನೇ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಮಗಳ ಮನೆಗೆ ಹೋದವರು ಮಾಲ್, ಜಲಪಾತ ನೋಡಿ ಬರುತ್ತಾರೆ. ನೀವು ಅಲ್ಲಿಯ ಚುನಾವಣೆಯನ್ನೂ ಗಮನಿಸಿ ಬಂದಿದ್ದೀರಿ. ಆದರೆ ನೀವು ಮುಟ್ಟಿದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಮೊದಲು ಒಪ್ಪುವ ಮಾತು. ಒಂದು ದೇಶ ಅಂದ ಮೇಲೆ ಗಡಿ ಇರುತ್ತದೆ. ಯಾರು ಬರಬೇಕು ಅಂತ ತೀರ್ಮಾನಿಸುವ ಹಕ್ಕೂ ಆ ದೇಶಕ್ಕಿದೆ. ವೀಸಾ ಪಡೆದು, ತೆರಿಗೆ ಕಟ್ಟಿ, ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತ ನಮ್ಮ ಹುಡುಗರ ಸಂಕಟ ಸಣ್ಣದಲ್ಲ. ಈ ಸಾಲಿನವರಿಗೆ ಕೊಡುವ ಕಾರ್ಡ್‌ಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7 ಮಾತ್ರ ಅಂತ ಮಿತಿ ಹಾಕಿ ಕೂರಿಸಿದ್ದಾರೆ. ಹಾಗೆ ಕಾಯುತ್ತಿರುವವರಿಗೆ ಸಾಲು ತಪ್ಪಿಸಿ ಬಂದವನನ್ನು ಕಂಡರೆ ಸಿಟ್ಟು ಬರುವುದು ಸಹಜ.

ಈಗ ನಿಮ್ಮ ಮುಖ್ಯ ಮಾತಿಗೆ ಬರೋಣ. ಸೈನ್ಯದಲ್ಲಿದ್ದವನು ಗಡಿಯ ಬಗ್ಗೆ ಇಂಥದ್ದೇ ನಿಲುವು ತಾಳುತ್ತಾನೆ ಅಂತ ನೀವು ನಂಬಿದ್ದೀರಿ. ಅಮೆರಿಕದ ಇತಿಹಾಸ ಹಾಗೆ ಹೇಳುವುದಿಲ್ಲ. ಎರಡನೇ ಮಹಾಯುದ್ಧದ ಮಹಾ ದಂಡನಾಯಕ ಐಸೆನ್‌ಹೋವರ್. ಅವರು ಅಧ್ಯಕ್ಷರಾಗಿದ್ದಾಗ, 1954ರಲ್ಲಿ, ಮೆಕ್ಸಿಕೋದವರನ್ನು ಗುಂಪು ಗುಂಪಾಗಿ ಹಿಡಿದು ಗಡಿಯಾಚೆ ಬಿಟ್ಟು ಬರುವ ದೊಡ್ಡ ಕಾರ್ಯಾಚರಣೆ ನಡೆಯಿತು. ಅದರ ಹೆಸರೇ ಆ ಜನರಿಗೆ ಹಾಕುವ ಬೈಗುಳವಾಗಿತ್ತು. ನಡೆಸಿದವರು ಸೇನಾ ಶಾಲೆಯಲ್ಲಿ ಐಸೆನ್‌ಹೋವರ್ ಅವರ ಸಹಪಾಠಿಯಾಗಿದ್ದ ನಿವೃತ್ತ ಜನರಲ್ ಜೋಸೆಫ್ ಸ್ವಿಂಗ್. ಇದನ್ನು ಓದಿ "ನೋಡಿ, ನಾನು ಹೇಳಿದ್ದು ಇದೇ" ಅಂತೀರಿ. ಸ್ವಲ್ಪ ತಡೆಯಿರಿ. ಮುಂದೆ ಅಧ್ಯಕ್ಷರಾದ ರೇಗನ್ ಅವರೂ ಯುದ್ಧಕಾಲದಲ್ಲಿ ಸೈನ್ಯದಲ್ಲೇ ಇದ್ದರು. ಕಣ್ಣು ಮಂದವಾಗಿದ್ದರಿಂದ ತರಬೇತಿ ಚಿತ್ರ ತೆಗೆಯುವ ಘಟಕದಲ್ಲಿ ಕೆಲಸ. 1986ರಲ್ಲಿ ಕಾನೂನಿಗೆ ಸಹಿ ಹಾಕಿ ಕಾಗದವಿಲ್ಲದೆ ಇದ್ದ ಸುಮಾರು 27 ಲಕ್ಷ ಜನಕ್ಕೆ ಕಾನೂನುಬದ್ಧವಾಗಿ ನೆಲೆಸುವ ಕಾಗದ ಸಿಗುವ ಹಾಗೆ ಮಾಡಿದ್ದು ಇದೇ ರೇಗನ್.

ಒಬ್ಬರನ್ನೇ ತಗೊಂಡು ನೋಡಿ. ಜಾನ್ ಮೆಕೇನ್, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರಾಗಿದ್ದವರು. 1967ರಲ್ಲಿ, ವಿಯೆಟ್ನಾಂ ಯುದ್ಧದಲ್ಲಿ, ಹನೋಯ್ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಿದರು. ಐದೂವರೆ ವರ್ಷ ಸೆರೆ. ಅಪ್ಪ ನೌಕಾಪಡೆಯ ಅಡ್ಮಿರಲ್ ಅಂತ ಗೊತ್ತಾಗಿ ಶತ್ರುಗಳೇ ಮೊದಲು ಬಿಡುತ್ತೇವೆ ಅಂದರೂ, ನನಗಿಂತ ಮುಂಚೆ ಸಿಕ್ಕಿಬಿದ್ದವರು ಹೋಗದೆ ನಾನು ಹೋಗಲ್ಲ ಅಂತ ಕೂತರು. ಆ ಧೈರ್ಯಕ್ಕೆ ನನ್ನದೊಂದು ಸಲಾಂ. ಈ ಮನುಷ್ಯ 2005ರಲ್ಲಿ ಎದುರು ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿ ಜೊತೆ ಸೇರಿ, ಕಾಗದವಿಲ್ಲದವರಿಗೆ ಪೌರತ್ವದ ದಾರಿ ಮಾಡಿಕೊಡುವ ಮಸೂದೆ ತಂದರು. 2008ರಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಟಿಕೆಟ್ ಬೇಕಾದಾಗ ಮೊದಲು ಗಡಿ ಭದ್ರವಾಗಲಿ ಅಂದರು. 2010ರಲ್ಲಿ ಸೆನೆಟ್ ಸೀಟಿಗೆ ಸ್ವಂತ ಪಕ್ಷದಲ್ಲೇ ಎದುರಾಳಿ ಹುಟ್ಟಿದಾಗ, ಗಡಿ ಬೇಲಿಯ ಪಕ್ಕ ನಡೆಯುತ್ತಾ ಬೇಲಿ ಮುಗಿಸಿ ಅಂತ ಜಾಹೀರಾತು ಮಾಡಿಸಿದರು. 2013ರಲ್ಲಿ ಮತ್ತೆ ಎರಡೂ ಪಕ್ಷದ ಎಂಟು ಜನರ ಗುಂಪಿನಲ್ಲಿ ಕೂತು ದಾರಿ ಮಾಡಿಕೊಡುವ ಮಸೂದೆಯನ್ನು ಸೆನೆಟ್‌ನಲ್ಲಿ 68-32ರಿಂದ ಪಾಸು ಮಾಡಿಸಿದರು. ಕೆಳಮನೆ ಅದನ್ನು ಕೈಗೇ ಎತ್ತಿಕೊಳ್ಳಲಿಲ್ಲ. ಅವರ ಸೇವಾ ದಾಖಲೆ ಮಾತ್ರ ಈ ಎಂಟು ವರ್ಷವೂ ಅದೇ ಇತ್ತು, ಅಲ್ವಾ? ಹಾಗಾದರೆ ಯಾವ ವರ್ಷದ ಮೆಕೇನ್‌ಗೆ ನೀವು ಓಟು ಹಾಕುತ್ತಿದ್ದಿರಿ?

ಅಮೆರಿಕದ ಮತದಾರರೂ ಸೇವಾ ದಾಖಲೆಗೆ ಅಷ್ಟೇನೂ ಮಣೆ ಹಾಕಿಲ್ಲ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಹಿರಿಯ ಬುಷ್, 1944ರಲ್ಲಿ ಪೆಸಿಫಿಕ್ ಸಾಗರದ ಮೇಲೆ ವಿಮಾನಕ್ಕೆ ಗುಂಡು ಬಿದ್ದು ಬದುಕಿ ಬಂದವರು. 1996ರಲ್ಲಿ ಸೋತ ಬಾಬ್ ಡೋಲ್ ಅವರಿಗೆ 1945ರಲ್ಲಿ ಇಟಲಿಯಲ್ಲಿ ಪೆಟ್ಟು ಬಿದ್ದು ಬಲಗೈ ಸ್ವಾಧೀನ ತಪ್ಪಿತ್ತು. ಯಾರೂ ಆ ಕೈ ಕುಲುಕಲು ಬರಬಾರದು ಅಂತ ಅದರಲ್ಲಿ ಸದಾ ಒಂದು ಪೆನ್ನು ಹಿಡಿದಿರುತ್ತಿದ್ದರು. ಇಬ್ಬರನ್ನೂ ಸೋಲಿಸಿದ್ದು ವಿಯೆಟ್ನಾಂ ಯುದ್ಧಕ್ಕೆ ಹೋಗದ ಕ್ಲಿಂಟನ್. 2004ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿ ಅವರಿಗೆ ವಿಯೆಟ್ನಾಂನಲ್ಲಿ ಗಾಯಗೊಂಡಿದ್ದಕ್ಕೆ ಸಿಕ್ಕ ಮೂರು 'ಪರ್ಪಲ್ ಹಾರ್ಟ್' (ನೇರಳೆ ಹೃದಯ) ಪದಕಗಳನ್ನೇ ಹಿಡಿದು ಎಳೆದಾಡಿದರು. ನ್ಯೂಯಾರ್ಕ್‌ನ ಎದುರು ಪಕ್ಷದ ಸಮಾವೇಶದಲ್ಲಿ ಕೆಲವರು ಗಾಯಕ್ಕೆ ಹಚ್ಚುವ ಪಟ್ಟಿಯ ಮೇಲೆ ನೇರಳೆ ಹೃದಯ ಅಂಟಿಸಿಕೊಂಡು ಕೂತಿದ್ದರು. ಗಾಯಗೊಂಡ ಸೈನಿಕರನ್ನು ಗೌರವಿಸುತ್ತೇವೆ ಅನ್ನುವ ಜನ ಮಾಡುವ ಕೆಲಸವೇ ಅದು? 2015ರಲ್ಲಿ ಟ್ರಂಪ್, ಸೆರೆ ಸಿಗದವರೇ ನನಗಿಷ್ಟ ಅಂತ ಮೆಕೇನ್ ಬಗ್ಗೆ ಅಂದರು. ಟ್ರಂಪ್ ಸ್ವತಃ ವಿಯೆಟ್ನಾಂ ಕಾಲದಲ್ಲಿ ಐದು ಸಲ ಕಡ್ಡಾಯ ಸೇನಾ ಸೇವೆಯ ಕರೆ ಮುಂದೂಡಿಸಿಕೊಂಡವರು. ನಾಲ್ಕು ಓದಿನ ಕಾರಣಕ್ಕೆ, ಒಂದು ಹಿಮ್ಮಡಿಯ ಮೂಳೆಗೆ. 2024ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಗಳಾದ ವಾನ್ಸ್ ಮತ್ತು ವಾಲ್ಜ್ ನಡುವೆ ಮತ್ತೆ ಅದೇ ಕಿತ್ತಾಟ. ಒಬ್ಬರು ಇರಾಕ್‌ನಲ್ಲಿ ಸೇನೆಯ ವರದಿಗಾರ, ಇನ್ನೊಬ್ಬರು ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಪಡೆಯಲ್ಲಿ 24 ವರ್ಷ. ಯಾರು ಎಲ್ಲಿದ್ದರು ಅಂತ ವಾರಗಟ್ಟಲೆ ಜಗಳ ನಡೆಯಿತು. ಆ ಜಗಳದಿಂದ ವಲಸೆ ಕಾನೂನಿನ ಒಂದು ಸಾಲಾದರೂ ಯಾರಿಗಾದರೂ ಅರ್ಥವಾಯಿತಾ?

ನನ್ನನ್ನು ನಿಜವಾಗಿ ಕಾಡುವುದು ಬೇರೆ ಜನ, ಮೇಷ್ಟ್ರೇ. ನೀವು ಸೈನಿಕನನ್ನು ಒಂದು ಕಡೆ ನಿಲ್ಲಿಸಿ, ವಲಸಿಗನನ್ನು ಇನ್ನೊಂದು ಕಡೆ ನಿಲ್ಲಿಸಿದ್ದೀರಿ. ಇಬ್ಬರೂ ಒಬ್ಬನೇ ಆಗಿದ್ದರೆ?

ಹೋಸೆ ಗುಟಿಯೆರೆಸ್ ಗ್ವಾಟೆಮಾಲಾದ ಅನಾಥ ಹುಡುಗ. ಮೆಕ್ಸಿಕೋ ಉದ್ದಕ್ಕೂ ಗೂಡ್ಸ್ ರೈಲು ಹತ್ತಿಳಿದು, ಕಾಗದವಿಲ್ಲದೆ ಅಮೆರಿಕಕ್ಕೆ ಬಂದ. ಕ್ಯಾಲಿಫೋರ್ನಿಯಾದಲ್ಲಿ ಸಾಕುಮನೆಗಳಲ್ಲಿ ಬೆಳೆದ. ಕಾಗದ ಸಿಕ್ಕ ಮೇಲೆ ಮರೀನ್ ಪಡೆ ಸೇರಿದ. 2003ರ ಮಾರ್ಚ್ 21ರಂದು ಇರಾಕ್‌ನಲ್ಲಿ ಸತ್ತ. ಆ ಯುದ್ಧದಲ್ಲಿ ಮೊದಲು ಪ್ರಾಣ ಬಿಟ್ಟ ಅಮೆರಿಕದ ಸೈನಿಕರಲ್ಲಿ ಒಬ್ಬ. ಪೌರತ್ವ ಕೊಟ್ಟಿದ್ದು ಸತ್ತ ಮೇಲೆ.

ಎಕ್ಟರ್ ಬರಾಹಾಸ್ ಚಿಕ್ಕವನಿದ್ದಾಗಲೇ ಮೆಕ್ಸಿಕೋದಿಂದ ಬಂದವರು. ಗ್ರೀನ್ ಕಾರ್ಡ್ ಪಡೆದು, 82ನೇ ಏರ್‌ಬಾರ್ನ್ ಡಿವಿಷನ್‌ನಲ್ಲಿ ಪ್ಯಾರಾಚೂಟ್ ಸೈನಿಕರಾಗಿ ದುಡಿದರು. ಆಮೇಲೆ ವಾಹನವೊಂದಕ್ಕೆ ಗುಂಡು ಹಾರಿಸಿದ ಕೇಸಿನಲ್ಲಿ ಜೈಲಿಗೆ ಹೋದರು. ಅದು ತಪ್ಪೇ, ಶಿಕ್ಷೆಯೂ ಆಯಿತು. ಪೌರನಾಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಇವರನ್ನು ಗಡಿ ದಾಟಿಸಿ ಕಳಿಸಿದರು. ಮೆಕ್ಸಿಕೋದ ಗಡಿ ಊರು ಟಿಹುವಾನಾದಲ್ಲಿ ತಮ್ಮಂತೆ ಹೊರಹಾಕಿಸಿಕೊಂಡ ಮಾಜಿ ಸೈನಿಕರಿಗೆ ಆಸರೆಯ ಮನೆ ತೆರೆದರು. 2017ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಕ್ಷಮಾದಾನ ಕೊಟ್ಟರು, 2018ರಲ್ಲಿ ಪೌರತ್ವ ಸಿಕ್ಕಿತು. ಎಲ್ಲರ ಕಥೆ ಹಾಗೆ ಸುಖವಾಗಿ ಮುಗಿದಿಲ್ಲ. ಸಣ್ಣಪುಟ್ಟ ಅಪರಾಧಕ್ಕೂ ಗ್ರೀನ್ ಕಾರ್ಡ್‌ನವರನ್ನು ಹೊರಹಾಕಲು ದಾರಿ ಮಾಡಿದ್ದು 1996ರ ಕಾನೂನು. ಸಹಿ ಹಾಕಿದವರು ಕ್ಲಿಂಟನ್. ಆದ್ದರಿಂದ ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವ ಹಾಗೂ ಇಲ್ಲ.

ನಮ್ಮ ದೇಶದ ಭಗತ್ ಸಿಂಗ್ ಥಿಂಡ್ ಅವರನ್ನೂ ನೆನೆಯಬೇಕು. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಪೇಟ ಸುತ್ತಿಕೊಂಡೇ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ ಕೊಟ್ಟರು, ಕೆಲವೇ ದಿನದಲ್ಲಿ ಕಿತ್ತುಕೊಂಡರು. ಮತ್ತೆ ಸಿಕ್ಕಿತು. 1923ರಲ್ಲಿ ಸುಪ್ರೀಂ ಕೋರ್ಟ್, ಈತ ಬಿಳಿಯನಲ್ಲ, ಪೌರನಾಗಲು ಬರುವುದಿಲ್ಲ ಅಂದುಬಿಟ್ಟಿತು. ಕೊನೆಗೆ ಮಹಾಯುದ್ಧದ ಯೋಧರಿಗಾಗಿ ಬಂದ ಕಾನೂನಿನಿಂದ 1936ರಲ್ಲಿ ಪೌರರಾದರು.

2016ರಲ್ಲಿ ಇಲಿನಾಯ್ ಸೆನೆಟ್ ಚುನಾವಣೆಯ ಒಂದು ಚರ್ಚೆ. ಇರಾಕ್‌ನಲ್ಲಿ ಹೆಲಿಕಾಪ್ಟರ್‌ಗೆ ರಾಕೆಟ್ ಬಡಿದು ಎರಡೂ ಕಾಲು ಕಳೆದುಕೊಂಡ ಟ್ಯಾಮಿ ಡಕ್‌ವರ್ತ್, ನಮ್ಮ ಮನೆತನ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಿಂದ ಸೈನ್ಯದಲ್ಲಿದೆ ಅಂದರು. ಎದುರಾಳಿ ಮಾರ್ಕ್ ಕರ್ಕ್, ನಿಮ್ಮ ಅಪ್ಪ ಅಮ್ಮ ಥಾಯ್ಲೆಂಡಿನಿಂದ ಬಂದು ಜಾರ್ಜ್ ವಾಷಿಂಗ್ಟನ್ ಸೇವೆ ಮಾಡಿದ್ದು ಮರೆತಿದ್ದೆ ಅಂತ ಅಣಕಿಸಿದರು. ಆಕೆಯ ತಾಯಿ ಥಾಯ್ಲೆಂಡಿನವರು ಅನ್ನುವುದೇ ಅವರಿಗೆ ಸಿಕ್ಕ ಆಯುಧ. ಈ ಕರ್ಕ್ ಕೂಡ ನೌಕಾಪಡೆಯ ಮೀಸಲು ಅಧಿಕಾರಿ. ತಮ್ಮ ಸೇವಾ ದಾಖಲೆಯನ್ನು ಉಬ್ಬಿಸಿ ಹೇಳಿ 2010ರಲ್ಲೇ ತಪ್ಪೊಪ್ಪಿಕೊಂಡವರು. ಎರಡು ಕಾಲು ಕೊಟ್ಟ ಮೇಲೂ ಒಬ್ಬಳಿಗೆ ನೀನು ಎಲ್ಲಿಯವಳು ಅಂತ ಕೇಳುವವರು ಇದ್ದಾರೆ ಅಂದರೆ, ಸಮವಸ್ತ್ರದ ಮೇಲಿನ ಆ ಪ್ರೀತಿಯನ್ನು ನಾನು ನಂಬುವುದು ಹೇಗೆ? ಕರ್ಕ್ ಕ್ಷಮೆ ಕೇಳಿದರು, ಸೋತರು. ಹೊರಹಾಕಿದ ಮಾಜಿ ಸೈನಿಕರನ್ನು ವಾಪಸ್ ಕರೆಸುವ ಮಸೂದೆಗಳನ್ನು ಸೆನೆಟ್‌ನಲ್ಲಿ ಮಂಡಿಸಿದವರಲ್ಲಿ ಇದೇ ಡಕ್‌ವರ್ತ್ ಒಬ್ಬರು. ಅಭ್ಯರ್ಥಿಯನ್ನು ಅಳೆಯಬೇಕಾದ್ದು ಹೀಗೆ. ನಿಮ್ಮ ದೇಶಕ್ಕಾಗಿ ದುಡಿದ ಪರದೇಶದವನನ್ನು ನೀವು ಏನು ಮಾಡುತ್ತೀರಿ ಅಂತ ಕೇಳಬೇಕು.

ನಮ್ಮಲ್ಲೂ ಈ ರೋಗ ಕಡಿಮೆ ಇಲ್ಲ. ಸೈನಿಕರ ಫೋಟೋ ಪ್ರಚಾರಕ್ಕೆ ಬಳಸಬೇಡಿ ಅಂತ 2019ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಮತ್ತೆ ನೆನಪಿಸಬೇಕಾಯಿತು. ಮಡಿಕೇರಿಯಲ್ಲಿ ನನಗೆ ಪರಿಚಯದ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಡಿಸ್ಚಾರ್ಜ್ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಚುನಾವಣೆ ಬಂದಾಗಲೆಲ್ಲ ಯಾರಾದರೂ ಬಂದು ವೇದಿಕೆ ಮೇಲೆ ಕೂರಿ ಅಂತ ಕರೆಯುತ್ತಾರೆ. ಪೆನ್ಷನ್ ತಿದ್ದುಪಡಿ ಮಾಡಿಸಿಕೊಡಿ ಅಂತ ಅವರು ಓಡಾಡಿದಾಗ ಇವರಲ್ಲಿ ಒಬ್ಬರೂ ಜೊತೆಗೆ ಬರಲಿಲ್ಲ. ನಮ್ಮ ಟಿವಿ ಚಾನೆಲ್‌ಗಳಂತೂ ಸಂಜೆ ಪೂರ್ತಿ ಯಾರು ದೇಶಭಕ್ತ ಅಂತ ಕೂಗಾಡುತ್ತವೆ. ಒಂದು ಮಸೂದೆಯನ್ನು ಕೂತು ಓದಿ ಹೇಳುವ ವ್ಯವಧಾನ ಯಾರಿಗೂ ಇಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಹೊಲ ಮಾರಿ, ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ಹೋದ ಹುಡುಗರು ಅದರಲ್ಲಿದ್ದರು. ಅವರು ಕಾನೂನು ಮುರಿದದ್ದು ಹೌದು. ಆದರೆ ಅವರನ್ನು ಆ ದಾರಿಗೆ ತಳ್ಳಿದ ಏಜೆಂಟರ ಬಗ್ಗೆ, ಊರಲ್ಲಿ ಸಿಗದ ಕೆಲಸದ ಬಗ್ಗೆ ಎಷ್ಟು ದಿನ ಚರ್ಚೆ ಆಯಿತು ಹೇಳಿ.

ಇನ್ನು ಪಕ್ಕದ ಮನೆಯ ಹುಡುಗನ ವಿಷಯ. ಇದನ್ನು ದಯವಿಟ್ಟು ಮಗಳಿಗೆ ಫೋನ್ ಮಾಡಿ ಹೇಳಿ. ಸೈನ್ಯ ಸೇರಿದ ಮಾತ್ರಕ್ಕೆ ಪೌರತ್ವ ತಾನಾಗಿ ಬರುವುದಿಲ್ಲ. ಹೊರಹಾಕಿಸಿಕೊಂಡ ಮಾಜಿ ಸೈನಿಕರಲ್ಲಿ ಎಷ್ಟೋ ಜನ, ಸೇರುವಾಗ ಮಾಡಿದ ಪ್ರಮಾಣವೇ ಪೌರತ್ವ ಅಂತ ನಂಬಿ ಕೆಟ್ಟರು. ಬೇರೆಯಾಗಿ ಅರ್ಜಿ ಹಾಕಲೇಬೇಕು. ಎನ್-400 ಅನ್ನುವ ಫಾರಂ, ಸೈನಿಕರಿಗೆ ಅದರ ಫೀಸ್ ಇಲ್ಲ. ಅದರ ಜೊತೆಗೆ ಸೇವೆಯನ್ನು ದೃಢೀಕರಿಸುವ ಎನ್-426 ಫಾರಂಗೆ ಸೇನೆಯ ಅಧಿಕೃತ ಅಧಿಕಾರಿಯ ಸಹಿ ಬೇಕು. ಅರ್ಹತೆ ಬಂದ ಕೂಡಲೇ ಆ ಸಹಿ ಹಾಕಿಸಿಕೊಳ್ಳಲಿ, ಮುಂದಿನ ವರ್ಷ ನೋಡೋಣ ಅಂತ ಬಿಡುವುದು ಬೇಡ. ಸೇರುವ ಮುಂಚೆ ಒಬ್ಬ ವಲಸೆ ವಕೀಲರನ್ನು ಕಂಡು, ಎಲ್ಲ ಕಾಗದದ ಒಂದೊಂದು ನಕಲನ್ನು ಮನೆಯವರ ಹತ್ತಿರ ಇಟ್ಟು ಹೋಗಲಿ.

— ಸಂ.